ಪಥ್ಯವೂ ಪರೀಕ್ಷೆಯೂ

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬುದು ಹಿರಿಯರ ನುಡಿ. ಆದರೆ ಯಾವ ಆಹಾರ ತನಗೆ ಒಗ್ಗದೆಂಬುದನ್ನು ತಿಳಿಯುವ ಬಗೆ ಹೇಗೆ?

ನನ್ನ ತಾಯಿಗೆ ಬಹುಕಾಲದಿಂದ ಹೊಟ್ಟೆಯುಬ್ಬರ, ನುಲಿತ. ನೆರೆಯವರೊಬ್ಬರು ಬದನೆ ವಾಯುವೆಂದರು, ಮತ್ತೊಬ್ಬರು ತೊಗರಿಬೇಳೆಯೆಂದರು, ಮಗುದೊಬ್ಬರು ಕಡಲೆಕಾಯಿಯೆಂದರು. ಆಕೆ ಒಂದೊಂದನ್ನಾಗಿ ಬಿಟ್ಟಳು. ಬಿಟ್ಟುದನ್ನು ಮತ್ತೆ ಮುಟ್ಟಲಿಲ್ಲ. ಎರಡು ವರ್ಷಗಳಲ್ಲಿ ಉಳಿದುದು ಅನ್ನ, ಮಜ್ಜಿಗೆ, ಹಾಲು ಬೆರೆಸಿದ ಕಾಫಿ. ಮೈ ಬಡಕಲಾಯಿತು, ನುಲಿತ ಮಾತ್ರ ನಿಲ್ಲಲಿಲ್ಲ.

ಕೊನೆಗೆ ಕಂಡ ವೈದ್ಯರು ಆಹಾರವರ್ಜನೆಯ ಪರೀಕ್ಷೆಯನ್ನು ತಿಳಿಸಿದರು. ಅದರಲ್ಲಿ ಮೂರು ಮೆಟ್ಟಿಲುಗಳುಂಟು. ಮೊದಲು, ಉಂಡುದನ್ನೂ ಆದ ಬಾಧೆಯನ್ನೂ ಹೊತ್ತಿನೊಡನೆ ಬರೆದಿಡುವುದು. ಎರಡನೆಯದು, ಸಂಶಯಕ್ಕೊಳಗಾದ ಪದಾರ್ಥವನ್ನು ಎರಡರಿಂದ ನಾಲ್ಕು ವಾರ ಸಂಪೂರ್ಣವಾಗಿ ಬಿಡುವುದು. ಮೂರನೆಯದು, ಬಾಧೆ ತಗ್ಗಿದರೆ ಬಿಟ್ಟುದನ್ನು ಒಂದೊಂದಾಗಿ, ಕೆಲವು ದಿನಗಳ ಅಂತರದಲ್ಲಿ, ಮರಳಿ ಉಣ್ಣುವುದು. ನಮ್ಮ ಪಥ್ಯದಲ್ಲಿ ಇಲ್ಲದಿರುವುದು ಈ ಮೂರನೆಯ ಮೆಟ್ಟಿಲೇ. ಬಿಟ್ಟಾಗ ಗುಣವಾದುದು ಕಾಕತಾಳೀಯವಿರಬಹುದು; ಮರಳಿ ಉಂಡಾಗ ಬಾಧೆ ಮರುಕಳಿಸಿದರೇ ಸಾಕ್ಷ್ಯ.

ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ ಸೀಲಿಯಾಕ್ ಎಂಬ ಕರುಳಿನ ರೋಗದ ವಿಷಯದಲ್ಲಿ ಇದನ್ನೇ ಕಂಡನು. ಆತನಿಗೆ ಮೊದಲೇ ಗೋಧಿಯ ಮೇಲೆ ಸಂಶಯವಿತ್ತು. 1944–45ರ ಕ್ಷಾಮದ ಚಳಿಗಾಲದಲ್ಲಿ ಬ್ರೆಡ್ಡು ದುರ್ಲಭವಾಗಲು ರೋಗಿಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮರಳಲು ರೋಗವೂ ಮರಳಿತು. ಗೋಧಿಯನ್ನು ತೆಗೆದು, ಮತ್ತೆ ಕೊಟ್ಟು ನೋಡಿದ ಫಲವನ್ನು 1950ರ ತನ್ನ ಪ್ರಬಂಧದಲ್ಲಿ ನಿರೂಪಿಸಿದನು.

ನಮ್ಮ ಮನೆಯಲ್ಲಿ ಅಕ್ಷರ ಬಲ್ಲವನು ನಾನೊಬ್ಬನೇ. ಆದುದರಿಂದ ತಾಯಿಯ ದಿನಚರಿ ಬರೆಯುವ ಕೆಲಸ ನನ್ನದಾಯಿತು. ಹತ್ತು ದಿನಗಳ ಪುಟಗಳನ್ನು ನೋಡಿ ವೈದ್ಯರು ಕಾಫಿಯತ್ತ ಬೆರಳು ತೋರಿದರು. ಹಾಲು, ಮಜ್ಜಿಗೆಗಳನ್ನು ಬಿಟ್ಟ ಮೂರನೆಯ ವಾರಕ್ಕೆ ನುಲಿತ ನಿಂತಿತು. ಬಳಿಕ ಮಜ್ಜಿಗೆ ಕೊಟ್ಟೆವು; ಬಾಧೆಯಿಲ್ಲ. ಹಾಲು ಕೊಟ್ಟೆವು, ಅಂದು ಸಂಜೆಯೇ ನುಲಿತ! ಹಾಲಿನ ಸಕ್ಕರೆಯನ್ನು ಅರಗಿಸುವ ಲ್ಯಾಕ್ಟೇಸ್ ಎಂಬ ಕಿಣ್ವ ಅನೇಕರಲ್ಲಿ ವಯಸ್ಸಿನೊಡನೆ ಕುಂದುತ್ತದೆ. ಹೆಪ್ಪಿನ ಸೂಕ್ಷ್ಮಜೀವಿಗಳು ಆ ಸಕ್ಕರೆಯ ಒಂದಂಶವನ್ನು ತಿಂದುಹಾಕುವುದರಿಂದ ಮಜ್ಜಿಗೆ ಹಲವರಿಗೆ ಒಗ್ಗುತ್ತದೆ.

ಒಂದೆರಡು ಎಚ್ಚರಿಕೆಗಳು. ಯಾವುದಾದರೂ ತಿಂದು ತುಟಿ ಊದಿದವರು, ಉಸಿರು ಕಟ್ಟಿದವರು ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಲೇಬಾರದು. ಒಂದು ತುತ್ತೂ ಪ್ರಾಣಕ್ಕೆ ಎರವಾದೀತು. ಸೀಲಿಯಾಕ್ ಸಂಶಯವಿದ್ದವರು ರಕ್ತಪರೀಕ್ಷೆಗೆ ಮುನ್ನ ಗೋಧಿ ಬಿಟ್ಟರೆ ಫಲಿತಾಂಶ ತಪ್ಪಾಗಬಹುದು. ಬೆಳೆಯುವ ಮಕ್ಕಳ ಆಹಾರವನ್ನು ವೈದ್ಯರನ್ನು ಕೇಳದೆ ಕಡಿಮೆಮಾಡಬಾರದು.

ಬದನೆ, ಬೇಳೆ, ಕಡಲೆಕಾಯಿ ಮೂರೂ ನಿರ್ದೋಷಿಗಳೆಂದು ತೀರ್ಮಾನವಾಯಿತು. ಎರಡು ವರ್ಷಗಳ ಮೇಲೆ ಎಣ್ಣೆಗಾಯಿ ಬಡಿಸಿಕೊಂಡ ದಿನ ತಾಯಿ, "ಇದನ್ನೂ ಬರೆದುಕೋ" ಎಂದಳು. ಬರೆದುಕೊಂಡೆ.