'ಬಂಜರು' ಎಂಬ ಪದದ ಬೆಲೆ

ಕಂದಾಯ ದಾಖಲೆಯಲ್ಲಿ ಒಂದು ನೆಲವನ್ನು 'ಬಂಜರು' ಎಂದು ನಮೂದಿಸಿದರೆ ಅದರ ಬಗೆಗಿನ ಕುತೂಹಲ ಅಲ್ಲಿಗೆ ಮುಗಿಯುತ್ತದೆ. ಸರ್ಕಾರಕ್ಕೆ ಅದು ಮಂಜೂರಾತಿಗೆ ಸಿದ್ಧವಿರುವ ಜಾಗ. ಹೂಡಿಕೆದಾರನಿಗೆ ಅಗ್ಗದ ಭೂಮಿ. ಪ್ರವಾಸಿಗನಿಗೆ ಛಾಯಾಚಿತ್ರದ ಹಿನ್ನೆಲೆ. ಥಾರ್ ಮರುಭೂಮಿಗೆ ಈ ಪದದಿಂದ ಆಗಿರುವ ಅನ್ಯಾಯ ಸಣ್ಣದಲ್ಲ.

ಜೈಸಲ್ಮೇರ್ ಜಿಲ್ಲೆಯ ವಿಸ್ತೀರ್ಣ ಸುಮಾರು 38,400 ಚದರ ಕಿಲೋಮೀಟರ್. ಹೆಚ್ಚುಕಡಿಮೆ ಇಡೀ ಕೇರಳದಷ್ಟು. 2011ರ ಜನಗಣತಿಯಂತೆ ಜನಸಂಖ್ಯೆ 6.7 ಲಕ್ಷ. ವಾರ್ಷಿಕ ಮಳೆ 200 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಡೇರೆ, ಸಣ್ಣ ಗ್ಯಾಸ್ ಒಲೆ ಮತ್ತು ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ಕಾರಿನಲ್ಲಿಟ್ಟುಕೊಂಡು ನಾನೂ ನನ್ನ ಪತ್ನಿಯೂ ಈ ಸೀಮೆಯಲ್ಲಿ ಸಂಚರಿಸಿದ ಚಳಿಗಾಲದ ಒಂದು ದಿನ, ಅಂಕಿಅಂಶಗಳು ಹೇಳದ ಹಲವು ಸಂಗತಿಗಳನ್ನು ಕಾಣಿಸಿತು.

ಬೆಳಿಗ್ಗೆ ಕಂಡದ್ದು ಕುಲಧರಾ. ಪಾಲಿವಾಲ ಬ್ರಾಹ್ಮಣರು ತೊರೆದುಹೋದ ಈ ಗ್ರಾಮದ ಪಾಳುಗೋಡೆಗಳನ್ನು ನೋಡಲು ಬರುವವರು ಬಹಳ. ಆ ಸಮುದಾಯ ಬಳಸಿ ಬೆಳೆಸಿದ 'ಖಡೀನ್'ಗಳನ್ನು ಗಮನಿಸುವವರು ವಿರಳ. ಕಲ್ಲುನೆಲದ ಇಳಿಜಾರಿನ ಬುಡದಲ್ಲಿ ಉದ್ದನೆಯ ಮಣ್ಣಿನ ಒಡ್ಡು ಹಾಕಿ ಮಳೆನೀರನ್ನು ತಡೆದು, ಅದು ಇಂಗಿದ ಮೇಲೆ ಅದೇ ತೇವದಲ್ಲಿ ಗೋಧಿ, ಕಡಲೆ ಬೆಳೆಯುವ ವಿಧಾನವಿದು. ಶತಮಾನಗಳಷ್ಟು ಹಳೆಯದಾದರೂ ಇಂದಿಗೂ ಬಳಕೆಯಲ್ಲಿದೆ.

ಮಧ್ಯಾಹ್ನ ಒಂದು 'ಓರಣ್'ನ ಅಂಚಿನಲ್ಲಿ ಬುತ್ತಿ ಬಿಚ್ಚಿದೆವು. ದೇವರ ಹೆಸರಿನಲ್ಲಿ ಊರಿನವರು ಕಾಯ್ದುಕೊಂಡು ಬಂದ ಮೇವಿನ ಕಾಡು ಅದು. ನಮ್ಮ ದೇವರಕಾಡಿನ ಮರುಭೂಮಿಯ ರೂಪ. ನೆರಳು ಕೊಟ್ಟದ್ದು ಖೇಜ್ರಿ, ಅಂದರೆ ನಾವು ವಿಜಯದಶಮಿಯಂದು ಪೂಜಿಸುವ ಬನ್ನಿ ಮರ. ಅಲ್ಲಿ ಕುರಿ ಮೇಯಿಸುತ್ತಿದ್ದ ವೃದ್ಧರು ದೂರದ ವಿದ್ಯುತ್ ಗೋಪುರಗಳತ್ತ ಕೈತೋರಿ, ಆ ಕಡೆ ಬೇಲಿ ಬಂದ ಮೇಲೆ ಕುರಿಗಳನ್ನು ಸುತ್ತುಬಳಸಿ ಹೊಡೆದುಕೊಂಡು ಹೋಗಬೇಕಾಗಿದೆ ಎಂದರು.

ರಾತ್ರಿ ಸಮ್ ಮರಳುದಿಬ್ಬಗಳ ಧ್ವನಿವರ್ಧಕಗಳಿಂದ ದೂರ, ಹಳ್ಳಿಯೊಂದರ ಮಗ್ಗುಲಲ್ಲಿ, ಮನೆಯವರ ಅನುಮತಿ ಪಡೆದು ಡೇರೆ ಹಾಕಿದೆವು. ಅಡುಗೆ, ಪಾತ್ರೆ, ಕುಡಿಯುವುದು ಎಲ್ಲ ಮುಗಿದರೂ ಕ್ಯಾನಿನಲ್ಲಿ ನೀರು ಉಳಿದಿತ್ತು. "ಊರಿನಲ್ಲಿ ಒಬ್ಬರ ಸ್ನಾನಕ್ಕೇ ಇಷ್ಟು ಸಾಲುವುದಿಲ್ಲವಲ್ಲ" ಎಂದಳು ಪತ್ನಿ. ಬರಿಯ ಕೊರತೆಯನ್ನಲ್ಲ, ಕೊರತೆಯೊಡನೆ ಬಾಳುವ ಶಿಸ್ತನ್ನು ಮರುಭೂಮಿ ಕಲಿಸುತ್ತದೆ.

ಸೌರವಿದ್ಯುತ್ ಬೇಡವೆನ್ನುವುದು ಅವಿವೇಕ. ಭಡ್ಲಾದ 2,245 ಮೆಗಾವಾಟ್ ಸ್ಥಾವರ ದೇಶದ ಹೆಮ್ಮೆಯೇ. ಪ್ರಶ್ನೆ ಇರುವುದು ನೆಲದ ಬೆಲೆಯಲ್ಲಿ. ನಮ್ಮ ಪಾವಗಡದಲ್ಲಿ 2,050 ಮೆಗಾವಾಟ್ ಸ್ಥಾವರಕ್ಕಾಗಿ ಸುಮಾರು 13,000 ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆಯಲಾಯಿತು. ಪಹಣಿ ಇದ್ದವರಿಗೆ ವರ್ಷವರ್ಷ ಬಾಡಿಗೆ ಸಲ್ಲುತ್ತದೆ. ಓರಣ್‌ಗೆ ಹಕ್ಕುದಾರರು ಇಡೀ ಊರಿನವರು; ಅನೇಕ ಕಡೆ ಕಾಗದದ ಮೇಲೆ ಯಾರೂ ಇಲ್ಲ. ಬೆಲೆ ಕಟ್ಟದ ಆಸ್ತಿಯನ್ನು ಮಾರುಕಟ್ಟೆ ಶೂನ್ಯವೆಂದೇ ಎಣಿಸುತ್ತದೆ. ಇಂಥ ಸಾಮೂಹಿಕ ಸಂಪತ್ತನ್ನು ಸಮುದಾಯಗಳೇ ಸಮರ್ಥವಾಗಿ ನಿರ್ವಹಿಸಬಲ್ಲವೆಂದು ತೋರಿಸಿದ್ದಕ್ಕೆ ಎಲಿನಾರ್ ಆಸ್ಟ್ರಾಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಂದಿತು.

ರಾಜಸ್ಥಾನದ ಓರಣ್‌ಗಳನ್ನು ಗುರುತಿಸಿ ನಕ್ಷೆ ಸಿದ್ಧಪಡಿಸುವಂತೆ ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ನಿರ್ದೇಶಿಸಿದೆ. ಆ ನಕ್ಷೆ ಮಂಜೂರಾತಿ ಆದೇಶಕ್ಕಿಂತ ಮೊದಲು ಬರಬೇಕು. ಬೇಲಿ ಎದ್ದ ಮೇಲೆ ಬರುವ ಸರ್ವೆಯಿಂದ ಕುರಿಗಾಹಿಗೆ ಹುಲ್ಲು ಮರಳಿ ಸಿಗುವುದಿಲ್ಲ.