ಕನ್ನಡ ಬಾರದ ಪ್ರಿಂಟರ್

ಗಣಕಯಂತ್ರದಲ್ಲಿ ಬರೆದದ್ದು ಕಾಗದದ ಮೇಲೆ ಮೂಡುವುದು ಈಗ ಯಾರಿಗೂ ಸೋಜಿಗದ ಸಂಗತಿಯಲ್ಲ. ಗುಂಡಿ ಒತ್ತಿದರೆ ಹಾಳೆ ಹೊರಬರುತ್ತದೆ. ಆದರೆ ಗಣಕದಿಂದ ಪ್ರಿಂಟರಿಗೆ ಹೋಗುವ ತಂತಿಯಲ್ಲಿ ಹರಿಯುವುದಾದರೂ ಏನು? ಅಕ್ಷರವೇ? ಅಕ್ಷರದ ಚಿತ್ರವೇ? ಬಹುಕಾಲ ಇಂಗ್ಲಿಷಿಗೆ ಇದಕ್ಕೆ ಒಂದು ಉತ್ತರವಿತ್ತು, ಕನ್ನಡಕ್ಕೆ ಇನ್ನೊಂದು. ಆ ವ್ಯತ್ಯಾಸದ ಫಲವನ್ನು ನಮ್ಮ ಹಳೆಯ ಕನ್ನಡ ಕಡತಗಳು ಇಂದಿಗೂ ಉಣ್ಣುತ್ತಿವೆ.

ಮೊದಲು ಇಂಗ್ಲಿಷಿನ ಕಥೆ ನೋಡೋಣ. ನೋಟ್‌ಪ್ಯಾಡಿನಂಥ ಸರಳ ಬರವಣಿಗೆಯ ತಂತ್ರಾಂಶಕ್ಕೆ ಟೆಕ್ಸ್ಟ್ ಎಡಿಟರ್ ಎನ್ನುತ್ತಾರೆ. ಅದು ಉಳಿಸುವ ಕಡತದಲ್ಲಿ ದಪ್ಪಕ್ಷರ, ಓರೆ ಅಕ್ಷರ, ಬಣ್ಣ ಯಾವುದೂ ಇರುವುದಿಲ್ಲ. ಇರುವುದು ಬರೀ ಸಂಖ್ಯೆಗಳ ಸಾಲು. 1963ರಲ್ಲಿ ಅಮೆರಿಕದಲ್ಲಿ ಮೊದಲು ಪ್ರಕಟವಾದ ಆಸ್ಕಿ ಎಂಬ ಪಟ್ಟಿಯ ಪ್ರಕಾರ ದೊಡ್ಡ ಎ ಎಂದರೆ 65, ಬಿ ಎಂದರೆ 66. ಹೀಗೆ ಸೊನ್ನೆಯಿಂದ 127ರವರೆಗೆ ಒಟ್ಟು 128 ಸಂಕೇತಗಳು. ಇವುಗಳಲ್ಲಿ 33 ಅಕ್ಷರಗಳೇ ಅಲ್ಲ, ಯಂತ್ರಕ್ಕೆ ಕೊಡುವ ಆಜ್ಞೆಗಳು. 7 ಎಂದರೆ ಗಂಟೆ ಬಾರಿಸು. 12 ಎಂದರೆ ಹಾಳೆ ಮುಗಿಸಿ ಹೊಸ ಹಾಳೆಗೆ ಹೋಗು.

ಗಂಟೆ ಏಕೆ ಬೇಕಿತ್ತು? ಈ ಪಟ್ಟಿ ಹುಟ್ಟಿದ್ದು ಟೆಲಿಟೈಪ್ ಯಂತ್ರಗಳ ಕಾಲದಲ್ಲಿ. ದೂರದ ಊರಿನಿಂದ ತಂತಿಯ ಮೂಲಕ ಬಂದ ಸಂಕೇತಗಳನ್ನು ತಾನೇ ಟೈಪ್ ಮಾಡುವ ಬೆರಳಚ್ಚು ಯಂತ್ರ ಅದು. ಸುದ್ದಿ ಬಂತೆಂದು ಎಚ್ಚರಿಸಲು ಗಂಟೆ. 1963ರಲ್ಲೇ ಬಂದ ಟೆಲಿಟೈಪ್ ಮಾಡೆಲ್ 33 ಸೆಕೆಂಡಿಗೆ ಹತ್ತು ಅಕ್ಷರ ಹೊಡೆಯುತ್ತಿತ್ತು. ಸಾಲು ಮುಗಿದಾಗ ಅದಕ್ಕೆ ಎರಡು ಆಜ್ಞೆ ಬೇಕಾಗುತ್ತಿತ್ತು. 13 ಬಂದರೆ ಅಚ್ಚಿನ ತಲೆ ಎಡತುದಿಗೆ ಮರಳಬೇಕು, 10 ಬಂದರೆ ಕಾಗದ ಒಂದು ಸಾಲು ಮೇಲೇರಬೇಕು. ಬಲತುದಿಯಿಂದ ಎಡಕ್ಕೆ ಓಡಲು ತಲೆಗೆ ಒಂದು ಅಕ್ಷರದ ಕಾಲ ಸಾಲುತ್ತಿರಲಿಲ್ಲ. ಆದ್ದರಿಂದ 13 ಮೊದಲು, 10 ಆಮೇಲೆ. ಕಾಗದ ಏರುವಷ್ಟರಲ್ಲಿ ತಲೆ ಮನೆ ಸೇರಿರುತ್ತಿತ್ತು.

ಆಗ ಎಡಿಟರಿಗೂ ಪ್ರಿಂಟರಿಗೂ ಭೇದವೇ ಇರಲಿಲ್ಲ ಎನ್ನಬಹುದು. 1969ರಲ್ಲಿ ಕೆನ್ ಥಾಂಪ್ಸನ್ ಯುನಿಕ್ಸ್ ವ್ಯವಸ್ಥೆಗಾಗಿ ಬರೆದ ಇಡಿ ಎಂಬ ಎಡಿಟರನ್ನು ಬಳಸುತ್ತಿದ್ದುದು ಇಂಥ ಟೆಲಿಟೈಪಿನ ಮುಂದೆ ಕುಳಿತೇ. ಬರೆದ ಸಾಲನ್ನು ನೋಡಬೇಕೆಂದರೆ ಪಿ ಎಂಬ ಆಜ್ಞೆ ಕೊಡಬೇಕು. ಸಾಲು ಕಾಗದದ ಮೇಲೆ ಅಚ್ಚಾಗುತ್ತಿತ್ತು. ಪರದೆಯ ಮೇಲೆ ತೋರಿಸುವುದಕ್ಕೂ ಗಣಕದ ಭಾಷೆಗಳಲ್ಲಿ ‘ಪ್ರಿಂಟ್’ ಎಂಬ ಆಜ್ಞೆಯೇ ಉಳಿದದ್ದು ಈ ಹಳೆಯ ನಂಟಿನಿಂದ.

ಟೆಲಿಟೈಪ್ ಹೋದರೂ ಅದರ ಅಭ್ಯಾಸ ಹೋಗಲಿಲ್ಲ. ಡಾಸ್, ವಿಂಡೋಸ್ ವ್ಯವಸ್ಥೆಗಳು ಸಾಲಿನ ಕೊನೆಗೆ 13, 10 ಎರಡನ್ನೂ ಬರೆದವು. ಯುನಿಕ್ಸ್ 10 ಒಂದೇ ಸಾಕೆಂದಿತು. ಯುನಿಕ್ಸಿನ ಕಡತವನ್ನು ಹಾಗೆಯೇ ಪ್ರಿಂಟರಿಗೆ ಕಳಿಸಿದರೆ ಕಾಗದವೇನೋ ಏರುತ್ತದೆ, ತಲೆ ಮಾತ್ರ ಎಡಕ್ಕೆ ಬರುವುದಿಲ್ಲ. ಒಂದು ಸಾಲು ನಿಂತಲ್ಲಿಂದ ಮುಂದಿನ ಸಾಲು ಶುರು. ಬರಹ ಮೆಟ್ಟಿಲಿನಂತೆ ಇಳಿಯುತ್ತಾ ಬಲಗಡೆಯ ಅಂಚಿನಾಚೆ ಬೀಳುತ್ತದೆ.

1980ರ ದಶಕದಲ್ಲಿ ನಮ್ಮ ಕಚೇರಿಗಳಿಗೆ ಕಾಲಿಟ್ಟ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದೇ ಮನೆತನದ್ದು. ಅದರ ದಪ್ಪ ಕೇಬಲ್ಲಿನ ಎಂಟು ತಂತಿಗಳಲ್ಲಿ ಒಂದು ಸಂಖ್ಯೆಯ ಎಂಟು ಬಿಟ್‌ಗಳು ಒಟ್ಟಿಗೆ ಬರುತ್ತವೆ. ಇನ್ನೊಂದು ತಂತಿ ‘ತಗೋ’ ಎನ್ನುತ್ತದೆ. ಪ್ರಿಂಟರ್ ಬೇರೊಂದು ತಂತಿಯಲ್ಲಿ ‘ತಾಳು, ಕೈತುಂಬ ಕೆಲಸವಿದೆ’ ಎನ್ನುತ್ತದೆ. 65 ಬಂದರೆ ತನ್ನೊಳಗಿನ ಚಿಪ್ಪಿನಲ್ಲಿ ಬರೆದಿಟ್ಟ ಎ ಅಕ್ಷರದ ಚುಕ್ಕೆಗಳನ್ನು ಹುಡುಕಿ, ಒಂಬತ್ತು ಸೂಜಿಗಳಿಂದ ಶಾಯಿ ರಿಬ್ಬನ್ನಿನ ಮೇಲೆ ಕಿರ್ರೆಂದು ಚುಚ್ಚುತ್ತದೆ. ಇಂಚಿಗೆ ಹತ್ತು ಅಕ್ಷರ, ಸಾಲಿಗೆ 80. ಇಂಚಿಗೆ ಆರು ಸಾಲು, 11 ಇಂಚಿನ ಹಾಳೆಗೆ 66. ಡಾಸ್‌ನಲ್ಲಿ ಒಂದೇ ಸಾಲಿನ ಕಾಪಿ ಆಜ್ಞೆಯಿಂದ ಕಡತವನ್ನು ಪ್ರಿಂಟರಿಗೆ ಸುರಿಯಬಹುದಿತ್ತು. ಅಕ್ಷರದ ರೂಪ ಗಣಕಕ್ಕೆ ಗೊತ್ತಿರಬೇಕಾಗಿಯೇ ಇರಲಿಲ್ಲ. ಅದು ಪ್ರಿಂಟರಿನ ಆಸ್ತಿ.

ತೊಡಕು ಇರುವುದು ಇಲ್ಲಿಯೇ. ಆ ಆಸ್ತಿಯಲ್ಲಿ ಕನ್ನಡಕ್ಕೆ ಪಾಲಿರಲಿಲ್ಲ. ಪಾಲು ಕೊಡುವುದೂ ಸುಲಭವಿರಲಿಲ್ಲ. ಇಂಗ್ಲಿಷಿನಲ್ಲಿ ಒಂದು ಸಂಖ್ಯೆಗೆ ಒಂದು ಅಕ್ಷರ, ಒಂದೇ ಅಗಲದ ಮನೆ. ನಮ್ಮ ‘ಸ್ತ್ರೀ’ಯನ್ನು ನೋಡಿ. ಸ, ಹಲಂತ, ತ, ಹಲಂತ, ರ, ದೀರ್ಘ ಈಕಾರ ಎಂದು ಆರು ಸಂಕೇತಗಳು ಸೇರಿ ಕಾಗದದ ಮೇಲೆ ಒಂದೇ ಅಕ್ಷರ. ಒತ್ತುಗಳು ಸಾಲಿನಿಂದ ಕೆಳಗಿಳಿಯುತ್ತವೆ. 80 ಮನೆಗಳ ಲೆಕ್ಕವೂ ಒಂಬತ್ತು ಸೂಜಿಗಳ ಎತ್ತರವೂ ಇದಕ್ಕೆ ಒಗ್ಗುವುದಿಲ್ಲ.

ಹೀಗಾಗಿ ಕನ್ನಡವನ್ನು ಅಕ್ಷರವಾಗಿ ಕಳಿಸದೆ ಚಿತ್ರವಾಗಿ ಕಳಿಸುವ ದಾರಿ ಹಿಡಿಯಬೇಕಾಯಿತು. ಪ್ರಿಂಟರಿಗೆ 27 ಎಂಬ ಸಂಖ್ಯೆ ಕೊಟ್ಟರೆ ಮುಂದಿನದು ಅಕ್ಷರವಲ್ಲ, ಆಜ್ಞೆ ಎಂದು ತಿಳಿಯುತ್ತದೆ. ಆಮೇಲೆ ಬರುವ ಒಂದೊಂದು ಸಂಖ್ಯೆಯೂ ಎಂಟು ಚುಕ್ಕೆಗಳ ಒಂದು ಕಂಬಸಾಲು. ‘ಕ’ ಹದಿನಾರು ಚುಕ್ಕೆ ಅಗಲವಿದೆ, ಒತ್ತಿಗೂ ಸೇರಿ ಮೂರು ಸಲ ತಲೆ ಓಡಬೇಕು ಎಂದಿಟ್ಟುಕೊಳ್ಳಿ. ಇಂಗ್ಲಿಷಿಗೆ ಒಂದು ಸಂಖ್ಯೆ ಸಾಕಾದಲ್ಲಿ ಕನ್ನಡಕ್ಕೆ 48 ಆಯಿತು. ಕನ್ನಡದ ಪುಟ ತೆವಳುತ್ತಾ ಮುದ್ರಣವಾಗುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಭಾರತೀಯ ಭಾಷೆಗಳಿಗೂ ಸಂಖ್ಯೆಗಳ ಪಟ್ಟಿ ಬೇಕೆಂದು ನಮ್ಮವರು ಕೈಕಟ್ಟಿ ಕೂರಲಿಲ್ಲ. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಇಸ್ಕಿ ಎಂಬ ಪಟ್ಟಿಯನ್ನು ಅಂಗೀಕರಿಸಿತು. ಕನ್ನಡದ ಕ, ಹಿಂದಿಯ ಕ, ತೆಲುಗಿನ ಕ ಎಲ್ಲಕ್ಕೂ ಒಂದೇ ಸಂಖ್ಯೆ ಎಂಬುದು ಅದರ ಜಾಣತನ. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡು ಅದನ್ನು ಗಣಕದೊಳಗೆ ತಂದಿತು. ಆದರೂ ಜನರ ಕೈಗೆ ಹತ್ತಿದ್ದು ಬೇರೆಯೇ ಉಪಾಯ: ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟ್. ಅಚ್ಚುಮೊಳೆ ಜೋಡಿಸಿದವರಿಗೆ ಇದು ಬೇಗ ಅರ್ಥವಾದೀತು. ನುಡಿಯ ಹಳೆಯ ಫಾಂಟುಗಳಲ್ಲಿ ಪಿ ಎಂಬಲ್ಲಿ ತಲೆಕಟ್ಟಿಲ್ಲದ ಕ, ತಲೆಯ ಮೇಲೆ ಓರೆಗೀಟು ಹೊತ್ತ ಎ ಎಂಬಲ್ಲಿ ತಲೆಕಟ್ಟು, ಬ್ರಿಟನ್ನಿನ ಪೌಂಡ್ ಗುರುತಿನ ಜಾಗದಲ್ಲಿ ನ. ವಿಂಡೋಸ್ ಇವನ್ನು ಚಿತ್ರ ಮಾಡಿ ಪ್ರಿಂಟರಿಗೆ ಕಳಿಸುತ್ತಿತ್ತು. ಕಾಗದದ ಮೇಲೆ ಅಂದವಾದ ಕನ್ನಡ. ಕೆಲಸ ಆಯಿತಲ್ಲ ಎಂದು ಎಲ್ಲರೂ ಸಮಾಧಾನಪಟ್ಟರು.

ಆದರೆ ಕಡತದಲ್ಲಿ ಉಳಿದದ್ದು ಕನ್ನಡವಲ್ಲ. ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ‘ಕನ್ನಡ’ ಎಂಬ ಪದವೇ ಪಿ, ಗೀಟಿನ ಎ, ಪೌಂಡು, ಮತ್ತೆ ಎ, ಜರ್ಮನ್ನರ ಎಸ್ಸೆಟ್, ಕ್ಯೂ, ಇನ್ನೊಮ್ಮೆ ಎ ಎಂದು ಕಾಣುತ್ತದೆ.

ಯುನಿಕೋಡ್ ಇದಕ್ಕೆ ಮದ್ದು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ‘ಕ’ದ ಸಂಖ್ಯೆ 3221. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಡನೆ ಬಂದಮೇಲೆ ನೋಟ್‌ಪ್ಯಾಡಿನಲ್ಲೂ ಕನ್ನಡ ಬರೆಯುವಂತಾಯಿತು. ಒತ್ತು, ಗುಣಿತ ಜೋಡಿಸಿ ಚಿತ್ರ ಮಾಡುವ ಹೊಣೆ ಈಗ ಗಣಕದ್ದು; ಇಂಗ್ಲಿಷ್ ಕೂಡ ಹೆಚ್ಚಾಗಿ ಹಾಗೆಯೇ ಹೋಗುತ್ತದೆ. ಹಳೆಯ ಡಾಟ್ ಮ್ಯಾಟ್ರಿಕ್ಸಿಗೆ ಮಾತ್ರ ಇದು ಇನ್ನೂ ತಿಳಿಯದು. ಯುಟಿಎಫ್-8 ಕ್ರಮದಲ್ಲಿ ‘ಕ’ ಎಂದರೆ 224, 178, 149 ಎಂಬ ಮೂರು ಸಂಖ್ಯೆಗಳು. ಐಬಿಎಂ ಪಟ್ಟಿ ಇಟ್ಟುಕೊಂಡ ಪ್ರಿಂಟರಿಗೆ ಅದನ್ನು ನೇರ ಸುರಿದರೆ ಗ್ರೀಕರ ಆಲ್ಫಾ, ಒಂದು ಕಪ್ಪು ಚುಕ್ಕೆಗಳ ಚೌಕ, ಗೀಟು ಹೊತ್ತ ಒ ಹೊರಬರುತ್ತವೆ.

ಹಳೆಯ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಸಿಗುತ್ತವೆ. ಶುದ್ಧ ಕನ್ನಡವಾದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಪತ್ರದ ನಡುವೆ ಇಂಗ್ಲಿಷ್ ಹೆಸರೋ ವಿಳಾಸವೋ ಇದ್ದರೆ ಕಷ್ಟ. ಸರಳ ಪಠ್ಯವಾಗಿ ಉಳಿಸಿದ ಕಡತದಲ್ಲಿ ಫಾಂಟಿನ ಹೆಸರು ಉಳಿದಿರುವುದಿಲ್ಲ. ಅಲ್ಲಿರುವ ಪಿ ನಿಜವಾದ ಪಿಯೋ, ತಲೆಕಟ್ಟು ಕಳಚಿದ ಕಕಾರವೋ ಎಂದು ತಂತ್ರಾಂಶಕ್ಕೆ ಹೇಳುವವರಿಲ್ಲ. ಅಂಥಲ್ಲಿ ಯಾರಾದರೂ ಅಂದು ಮುದ್ರಿಸಿ ಫೈಲಿಗೆ ಚುಚ್ಚಿಟ್ಟ ಕಾಗದ ಸಿಕ್ಕರೆ, ಅದನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ತಾಳೆ ನೋಡಬೇಕಾಗುತ್ತದೆ.