ಕೌದಿಯ ಮೇಲಿನ ಒದ್ದೆ

ಕಳೆದ ವರ್ಷ ದೀಪಾವಳಿ ಮುಗಿದು ಎರಡು ವಾರಗಳಾಗಿದ್ದವು. ಬೆಂಗಳೂರಿನ ಬಹುಮಹಡಿ ಕಟ್ಟಡವೊಂದರ ಮೂರನೆಯ ಅಂತಸ್ತಿನಲ್ಲಿ ವಾಸವಾಗಿರುವ ನನ್ನ ಅಕ್ಕ ಫೋನು ಮಾಡಿ, ಆರು ವರ್ಷ ಮಗುವಿನಂತೆ ಸಾಕಿದ ಕರಿಯನನ್ನು ಇನ್ನು ಯಾರಿಗಾದರೂ ಕೊಟ್ಟುಬಿಡುವುದೇ ಲೇಸೆಂದು ಹೇಳಿದಾಗ ಅವಳ ಕಂಠ ತುಂಬಿ ಬಂದಿತ್ತು. ಕರಿಯನೆಂದರೆ ಬೆಕ್ಕು. ಮೂಲೆಯಲ್ಲಿ ಅದಕ್ಕೆಂದೇ ಇರಿಸಿದ ಮರಳಿನ ತಟ್ಟೆಯನ್ನು ಬಿಟ್ಟು, ನಮ್ಮ ತಾಯಿ ಹಳೆಯ ಇಳಕಲ್ ಸೀರೆಗಳ ತುಂಡುಗಳನ್ನು ಕೂಡಿಸಿ ಕೈಯಾರೆ ಹೊಲಿದಿದ್ದ ಕೌದಿಯ ಮೇಲೆ ಅದು ನಾಲ್ಕನೆಯ ಸಲ ಮೂತ್ರ ಮಾಡಿತ್ತು. "ಇದಕ್ಕ ನನ್ನ ಮ್ಯಾಲ ಸಿಟ್ಟು ಬಂದದ ನೋಡಪಾ, ಅವ್ವನ ಕೌದೀನ ಹುಡುಕಿ ಹುಡುಕಿ ಒದ್ದಿ ಮಾಡ್ತದ" ಎಂದಳು.

ಬೆಕ್ಕನ್ನು ಸಾಕಿದ ಮನೆಗಳಲ್ಲಿ ಈ ಮಾತು ಅಪರೂಪವಲ್ಲ. ನಮಗೆ ಅತ್ಯಂತ ಪ್ರಿಯವಾದ ವಸ್ತುವನ್ನೇ ಆರಿಸಿಕೊಂಡು ಹೊಲಸು ಮಾಡುವ ಪ್ರಾಣಿಯ ಅಂತರಂಗದಲ್ಲಿ ಹಗೆಯಿರಬೇಕೆಂದು ಊಹಿಸುವುದು ಮನುಷ್ಯನಿಗೆ ಸಹಜ. ಆದರೆ ಈ ಊಹೆಯ ಫಲವಾಗಿ ಎಷ್ಟೋ ಬೆಕ್ಕುಗಳು ಏಟು ತಿಂದಿವೆ, ಚೀಲದಲ್ಲಿ ತುಂಬಲ್ಪಟ್ಟು ದೂರದ ಬಡಾವಣೆಗಳಲ್ಲಿ ಬಿಡಲ್ಪಟ್ಟಿವೆ, ಇನ್ನು ಕೆಲವು ಚಿಕಿತ್ಸೆ ದೊರೆಯದೆ ಸತ್ತಿವೆ. ಆದುದರಿಂದ ಈ ಮೂತ್ರದ ವೃತ್ತಾಂತವನ್ನು ಸ್ವಲ್ಪ ಸಾವಧಾನವಾಗಿಯೇ ಹೇಳಬೇಕಾಗಿದೆ.

ನಮ್ಮ ಮನೆಬೆಕ್ಕಿನ ಪೂರ್ವಜವು ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಒಣನೆಲಗಳಲ್ಲಿ ಇಂದಿಗೂ ಬದುಕಿರುವ ಒಂದು ಕಾಡುಬೆಕ್ಕು. ನೀರು ದುರ್ಲಭವಾದ ಆ ಸೀಮೆಯಲ್ಲಿ, ಹಿಡಿದು ತಿಂದ ಇಲಿಯ ಮೈಯೊಳಗಿನ ತೇವದಿಂದಲೇ ಹೆಚ್ಚುಕಡಮೆ ಬಾಯಾರಿಕೆ ನೀಗಿಕೊಳ್ಳಬೇಕಾದ ಆ ಪ್ರಾಣಿಗೆ ಒಂದು ಹನಿಯೂ ವ್ಯರ್ಥವಾಗದಂತೆ ನೋಡಿಕೊಳ್ಳುವ ಮೂತ್ರಪಿಂಡಗಳು ಪ್ರಾಪ್ತವಾದವು. ಮನುಷ್ಯನ ಮೂತ್ರಪಿಂಡ ತನ್ನ ಶಕ್ತಿಯನ್ನೆಲ್ಲ ಹೂಡಿದರೂ ಎಷ್ಟು ಸಾಂದ್ರವಾದ ಮೂತ್ರವನ್ನು ಮಾಡಬಲ್ಲುದೋ, ಅದರ ಎರಡು ಪಟ್ಟಿಗೂ ಮಿಕ್ಕಿ ಸಾಂದ್ರವಾದುದನ್ನು ಬೆಕ್ಕು ಮಾಡಬಲ್ಲುದು. ಅಂಗೈಯಗಲದ ಒದ್ದೆ ಇಡೀ ಕೋಣೆಯನ್ನು ನಾರಿಸುವುದಕ್ಕೆ ಇದು ಒಂದು ಕಾರಣ.

ಇನ್ನೊಂದು ಕಾರಣ ರಸಾಯನಶಾಸ್ತ್ರಕ್ಕೆ ಸೇರಿದುದು. 1953ರಲ್ಲಿ ವೆಸ್ಟಾಲ್ ಎಂಬ ವಿಜ್ಞಾನಿಯು ಬೆಕ್ಕಿನ ಮೂತ್ರದಲ್ಲಿ ಗಂಧಕವನ್ನೊಳಗೊಂಡ ಒಂದು ಅಮೈನೋ ಆಮ್ಲವನ್ನು ಕಂಡುಹಿಡಿದನು. ಬೆಕ್ಕಿನ ಕುಲನಾಮದಿಂದಲೇ ಅದಕ್ಕೆ ಫೆಲಿನೈನ್ ಎಂಬ ಹೆಸರಾಯಿತು. ಜಪಾನಿನ ಮಸಾವೊ ಮಿಯಾಜಾಕಿ ಮತ್ತು ಅವರ ಸಂಗಡಿಗರು 2006ರಲ್ಲಿ, ಬೆಕ್ಕು ತನ್ನ ಮೂತ್ರಪಿಂಡದಲ್ಲಿ ತಯಾರಿಸಿ ಮೂತ್ರಕ್ಕೆ ಸೇರಿಸುವ ಕಾಕ್ಸಿನ್ ಎಂಬ ಪ್ರೋಟೀನು ಈ ಫೆಲಿನೈನಿನ ಉತ್ಪತ್ತಿಗೆ ಕಾರಣವೆಂದು ತೋರಿಸಿದರು. ಮೂತ್ರದಲ್ಲಿ ಪ್ರೋಟೀನು ಕಂಡರೆ ನಮ್ಮ ವೈದ್ಯರು ಹುಬ್ಬು ಗಂಟಿಕ್ಕುತ್ತಾರೆ. ಬೆಕ್ಕು ಅದನ್ನು ಬೇಕೆಂದೇ ಹೊರಕ್ಕೆ ಕಳುಹಿಸುತ್ತದೆ. ಫೆಲಿನೈನಿಗೆ ತನ್ನದಾದ ವಾಸನೆಯಿಲ್ಲ. ಗಾಳಿಗೆ ಬಿದ್ದ ಮೇಲೆ ಅದು ಮೆಲ್ಲಮೆಲ್ಲಗೆ ಒಡೆದು ಗಂಧಕದ ಘಾಟನ್ನು ಬಿಡುತ್ತದೆ. ಅದರಿಂದಲೇ, ಬೆಳಗ್ಗೆ ಒರಸಿ ಸ್ವಚ್ಛವಾಯಿತೆಂದು ಸಮಾಧಾನಪಟ್ಟ ಜಾಗ ಸಂಜೆಯ ಹೊತ್ತಿಗೆ ಮೊದಲಿಗಿಂತ ಹೆಚ್ಚು ನಾರುತ್ತದೆ. ಬೀಜ ತೆಗೆಯಿಸದ ಗಂಡುಬೆಕ್ಕುಗಳಲ್ಲಿ ಕಾಕ್ಸಿನ್ನೂ ಫೆಲಿನೈನೂ ಅಧಿಕ, ತೆಗೆಯಿಸಿದೊಡನೆ ಇಳಿಯುತ್ತವೆ.

ಹೀಗೆ ತನ್ನ ಮೂತ್ರವೇ ತನ್ನ ಗುರುತಾಗಿರುವ ಪ್ರಾಣಿ ಅದನ್ನು ಎರಡು ಬೇರೆ ರೀತಿಗಳಲ್ಲಿ ಬಳಸುತ್ತದೆಂಬುದನ್ನು ಮೊದಲು ತಿಳಿಯಬೇಕು. ಗೋಡೆಗೋ ಬಾಗಿಲಿಗೋ ಬೆನ್ನು ಮಾಡಿ ನಿಂತು, ಬಾಲವನ್ನೆತ್ತಿ ಅದರ ತುದಿಯನ್ನು ನಡುಗಿಸುತ್ತ, ಹಿಂದಕ್ಕೆ ಸ್ವಲ್ಪವೇ ಸಿಡಿಸಿದರೆ ಅದು ಸೀಮೆಯ ಗುರುತು. ಬೀಜ ತೆಗೆಯಿಸುವುದರಿಂದ ಹತ್ತು ಗಂಡುಗಳಲ್ಲಿ ಸುಮಾರು ಒಂಬತ್ತು ಈ ಅಭ್ಯಾಸವನ್ನು ಬಿಡುತ್ತವೆ. ಹೊರಗಿನ ಪರಕೀಯ ಬೆಕ್ಕು ಕಿಟಕಿಯಲ್ಲಿ ಕಾಣದಂತೆ ಮಾಡಿದರೆ ಉಳಿದವುಗಳಲ್ಲಿಯೂ ಕೆಲವು ಶಾಂತವಾಗುತ್ತವೆ. ಕಾಲು ಮಡಿಸಿ ಕುಳಿತು, ಹಾಸಿಗೆ, ಚಾಪೆ ಅಥವಾ ಬಟ್ಟೆಯ ಮೇಲೆ ತುಂಬ ಮೂತ್ರ ಮಾಡಿದರೆ ಅದರ ಅರ್ಥ ಬೇರೆ. ಅಕ್ಕನ ಕೌದಿಯ ಮೇಲೆ ಬಿದ್ದುದು ಈ ಎರಡನೆಯ ಬಗೆಯದು.

ಇಂಥ ಸಂದರ್ಭದಲ್ಲಿ ಮೊತ್ತಮೊದಲು ವಿಚಾರಿಸಬೇಕಾದುದು ದೇಹವನ್ನು. ಮೇಲಿಂದ ಮೇಲೆ ಹೋಗಿ ಕೂಡುವುದು, ತಿಣುಕುವುದು, ಕೂಗುವುದು, ಹನಿಯಷ್ಟೇ ಬರುವುದು, ಅಥವಾ ಏನೂ ಬಾರದಿರುವುದು — ಗಂಡುಬೆಕ್ಕಿನಲ್ಲಿ ಇವು ಕಂಡರೆ ಮರುದಿನದವರೆಗೆ ಕಾಯಬಾರದು. ಅದರ ಮೂತ್ರನಾಳ ತುದಿಯಲ್ಲಿ ಬಹಳ ಕಿರಿದು. ಲೋಳೆ ಮತ್ತು ಹರಳುಗಳ ಬಿರಡೆಯೊಂದು ಅಲ್ಲಿ ಸಿಕ್ಕಿಕೊಂಡರೆ ಹೊರಹೋಗಬೇಕಾದ ಪೊಟ್ಯಾಸಿಯಮ್ ರಕ್ತದಲ್ಲಿ ಏರಿ, ಹೃದಯದ ಬಡಿತವನ್ನೇ ಕೆಡಿಸಿ, ಎರಡು ಮೂರು ದಿನಗಳಲ್ಲಿ ಪ್ರಾಣವನ್ನು ತೆಗೆಯುತ್ತದೆ. ಮಲಬದ್ಧತೆಯೆಂದು ಭ್ರಮಿಸಿ ಹರಳೆಣ್ಣೆ ಕುಡಿಸುತ್ತ ಕುಳಿತವರನ್ನು ನಾನು ಬಲ್ಲೆ. ವಯಸ್ಸಾದ ಬೆಕ್ಕಿನಲ್ಲಿ ಮಧುಮೇಹವೋ ಮೂತ್ರಪಿಂಡದ ವೈಫಲ್ಯವೋ ಇರಬಹುದು. ಕೀಲುನೋವಿನಿಂದ ತಟ್ಟೆಯ ಎತ್ತರದ ಅಂಚನ್ನು ದಾಟಲಾರದೆಯೂ ಹೋಗಬಹುದು.

ಕರಿಯನನ್ನು ಪರೀಕ್ಷಿಸಿದ ಪಶುವೈದ್ಯರಿಗೆ ಕಲ್ಲು ಕಾಣಲಿಲ್ಲ. ಸೋಂಕೂ ಕಾಣಲಿಲ್ಲ, ಹತ್ತು ವರ್ಷದೊಳಗಿನ ಬೆಕ್ಕುಗಳಲ್ಲಿ ಅದು ಹೇಗೂ ವಿರಳ. ಮೂತ್ರದಲ್ಲಿ ರಕ್ತದ ಲೇಶ ಮಾತ್ರ ಇದ್ದಿತು. ಕಾರಣ ಗೋಚರಿಸದ ಈ ಮೂತ್ರಕೋಶದ ಉರಿಯೂತವೇ ಎಳೆಯ ಮತ್ತು ನಡುವಯಸ್ಸಿನ ಬೆಕ್ಕುಗಳಲ್ಲಿ ಅತ್ಯಂತ ಸಾಮಾನ್ಯವಾದ ಮೂತ್ರರೋಗ. ಇದನ್ನು ಕುರಿತು ಬಹುಕಾಲ ಶೋಧಿಸಿದವರು ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದ ಟೋನಿ ಬಫಿಂಗ್ಟನ್. ಈ ಬೆಕ್ಕುಗಳ ಮೂತ್ರಕೋಶದ ಒಳಪೊರೆಯ ರಕ್ಷಕ ಲೇಪ ತೆಳುವಾಗಿರುತ್ತದೆ. ನೋವನ್ನು ಒಯ್ಯುವ ನರಗಳು ಅತಿಯಾಗಿ ಎಚ್ಚೆತ್ತಿರುತ್ತವೆ. ಭಯವಾದಾಗ ಏರಿದ ನರಮಂಡಲದ ಉದ್ವೇಗ ಬೇಗನೆ ಇಳಿಯುವುದಿಲ್ಲ.

ಬಫಿಂಗ್ಟನ್ ಮತ್ತು ಅವರ ಸಹೋದ್ಯೋಗಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಓದಿದಂದಿನಿಂದ ಬೆಕ್ಕಿನ ವಿಷಯದಲ್ಲಿ ನನ್ನ ಅಭಿಪ್ರಾಯವೇ ಬದಲಾಯಿತೆಂದರೆ ಅತಿಶಯೋಕ್ತಿಯಲ್ಲ. ಈ ರೋಗವಿದ್ದ 20 ಬೆಕ್ಕುಗಳನ್ನೂ ಆರೋಗ್ಯವಾಗಿದ್ದ 12 ಬೆಕ್ಕುಗಳನ್ನೂ ಒಂದೇ ಬಗೆಯ ಅನುಕೂಲಗಳಲ್ಲಿ ಇರಿಸಿ 77 ವಾರಗಳ ಕಾಲ ದಿನದಿನವೂ ಗಮನಿಸಿದರು. ಹಿಂಸೆ ಯಾವುದೂ ಇರಲಿಲ್ಲ. ಆದರೆ ಊಟ ಹಾಕುವವರು ಬದಲಾಗುವುದು, ದಿನಚರಿಯ ಹೊತ್ತು ತಪ್ಪುವುದು ಮೊದಲಾದ ಅಸಾಮಾನ್ಯ ಘಟನೆಗಳು ಒದಗಿದ ವಾರಗಳಲ್ಲಿ ಬೆಕ್ಕುಗಳು ಊಟ ಕಡಮೆ ಮಾಡಿದವು, ತಟ್ಟೆಯ ಹೊರಗೆ ಮಲಮೂತ್ರ ಮಾಡಿದವು. ರೋಗವಿದ್ದವು ಮಾತ್ರವಲ್ಲ, ಆರೋಗ್ಯವಾಗಿದ್ದವೂ ಹೀಗೆಯೇ ಮಾಡಿದವೆಂಬುದೇ ಇಲ್ಲಿನ ಸ್ವಾರಸ್ಯ. ನಮ್ಮ ಕಣ್ಣಿಗೆ ಕ್ಷುಲ್ಲಕವಾದ ಒಂದು ವ್ಯತ್ಯಾಸ ಆ ಪುಟ್ಟ ಪ್ರಾಣಿಯ ಹೊಟ್ಟೆಯನ್ನೂ ಮೂತ್ರಕೋಶವನ್ನೂ ಅಲುಗಿಸುತ್ತದೆ.

ಅಕ್ಕನ ಮನೆಗೆ ಹೋದ ರಾತ್ರಿ ನಾನು ನಡುಮನೆಯ ದೀಪವಾರಿಸಿ ಮೂಲೆಯಲ್ಲಿ ಕುಳಿತೆ. ತಟ್ಟೆಯಿದ್ದುದು ಅಡುಗೆಮನೆಯ ಹಿಂದಿನ ಇಕ್ಕಟ್ಟಾದ ಜಾಗದಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕಕ್ಕೆ. ಹನ್ನೊಂದರ ಸುಮಾರಿಗೆ ಕರಿಯ ಬಂದಿತು. ಮುಚ್ಚಳವಿದ್ದ ಆ ತಟ್ಟೆಯ ಬಾಯಿಯೊಳಕ್ಕೆ ಕತ್ತು ಚಾಚಿ ಮೂಸಿತು. ಒಂದು ಮುಂಗಾಲನ್ನು ಮರಳಿನ ಮೇಲೆ ಊರಿ, ಬಿಸಿಯ ಮೇಲೆ ಇಟ್ಟಂತೆ ಥಟ್ಟನೆ ಎತ್ತಿ ಝಾಡಿಸಿತು. ತುಸು ಹೊತ್ತು ಯಂತ್ರವನ್ನೇ ದಿಟ್ಟಿಸಿ ನಿಂತು, ಹಿಂದಿರುಗಿ ಮಲಗುವ ಕೋಣೆಯ ಕಡೆಗೆ ನಡೆಯಿತು. ನಾನೂ ಆ ತಟ್ಟೆಗೆ ಮೂಗು ಹಿಡಿದು ನೋಡಿದೆನು: ಅಗ್ಗದಲ್ಲಿ ದೊರೆತುದೆಂದು ತಂದಿದ್ದ ಹೊಸ ಮರಳಿನಿಂದ ಲ್ಯಾವೆಂಡರಿನ ಉಗ್ರವಾದ ಸುಗಂಧ ಹೊಮ್ಮುತ್ತಿತ್ತು.

ನಾವು ಮರಳೆನ್ನುವ ಈ ವಸ್ತು ನಿಜಕ್ಕೆ ಮಣ್ಣು. ನಮ್ಮ ಹಳ್ಳಿಯ ಮನೆಗಳಲ್ಲಿ ಬೆಕ್ಕು ಹಿತ್ತಿಲಿನ ಸಡಿಲಮಣ್ಣನ್ನೋ ಬಚ್ಚಲೊಲೆಯ ಬೂದಿಗುಡ್ಡೆಯನ್ನೋ ಹುಡುಕಿಕೊಳ್ಳುತ್ತಿದ್ದಿತು. ಅಮೆರಿಕದ ಮನೆಗಳಲ್ಲಿಯೂ ಒಂದು ಕಾಲಕ್ಕೆ ಬೂದಿ ತುಂಬಿದ ಪೆಟ್ಟಿಗೆಯೇ ಇದ್ದಿತು. 1947ರ ಚಳಿಗಾಲದಲ್ಲಿ ಮಿಷಿಗನ್ ಸಂಸ್ಥಾನದಲ್ಲಿ, ಬೆಕ್ಕಿನ ಬೂದಿಹೆಜ್ಜೆಗಳಿಂದ ಬೇಸತ್ತ ನೆರೆಯ ಮಹಿಳೆಯೊಬ್ಬರಿಗೆ ಎಡ್ ಲೋ ಎಂಬ ತರುಣನು ಹರಳುಗಟ್ಟಿಸಿದ ಹೀರುಮಣ್ಣನ್ನು ಕೊಟ್ಟನು. ನಮ್ಮ ಹೆಂಗಸರು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿಯ ಜಾತಿಯದೇ ಅದು. ಅಲ್ಲಿಂದ ಆರಂಭವಾಯಿತು ಈ ವ್ಯಾಪಾರ. 1984ರಲ್ಲಿ ಥಾಮಸ್ ನೆಲ್ಸನ್ ಎಂಬ ಜೀವರಸಾಯನ ವಿಜ್ಞಾನಿಯು, ತೇವ ತಾಗಿದೊಡನೆ ಉಬ್ಬಿ ಮುದ್ದೆಗಟ್ಟುವ ಬೆಂಟೊನೈಟ್ ಮಣ್ಣನ್ನು ಇದಕ್ಕೆ ಬಳಸಿದನು. ಈಗ ನಮ್ಮ ಕಚ್ಛದ ನೆಲದಿಂದ ಅಗೆದ ಬೆಂಟೊನೈಟೂ ಬೆಕ್ಕುಗಳ ತಟ್ಟೆಗಳನ್ನು ಸೇರುತ್ತಿದೆ. ಬಹುಪಾಲು ಬೆಕ್ಕುಗಳು ಒಲಿಯುವುದು ನುಣ್ಣಗಿನ, ವಾಸನೆಯಿಲ್ಲದ, ಮುದ್ದೆಗಟ್ಟುವ ಮಣ್ಣಿಗೆ. ಸುಗಂಧವನ್ನು ಬೆರೆಸುವುದು ಕೊಳ್ಳುವವರ ಮೂಗಿಗಾಗಿ. ನಮಗಿಂತ ಎಷ್ಟೋ ಪಾಲು ಸೂಕ್ಷ್ಮವಾದ ಮೂಗುಳ್ಳ ಪ್ರಾಣಿಗೆ, ಮುಚ್ಚಳದೊಳಗೆ ಮಡುಗಟ್ಟಿದ ಆ ಘಾಟು ಎಂಥ ಹಿಂಸೆಯಾಗಿರಬಹುದೆಂದು ನೆನೆದು ನನಗೆ ಸಂಕಟವಾಯಿತು.

ಆದರೆ ಸುಗಂಧವೊಂದೇ ಕಾರಣವಾಗಿರಲಿಲ್ಲ. ಮರುದಿನ ಬೆಳಗ್ಗೆ ಒಂಬತ್ತಕ್ಕೆ ಕಿಟಕಿಯ ಹೊರಗೆ ಸದ್ದಾಯಿತು. ನೋಡಿದರೆ, ಹಗ್ಗದ ಜೋಲಿಯಲ್ಲಿ ತೂಗಾಡುತ್ತ ಇಬ್ಬರು ಗೋಡೆಗೆ ಬಣ್ಣ ಬಳಿಯುತ್ತಿದ್ದರು. ಕರಿಯ ಮಂಚದ ಕೆಳಗೆ ನುಗ್ಗಿ ಮಧ್ಯಾಹ್ನದವರೆಗೆ ಹೊರಬರಲಿಲ್ಲ. ಕಟ್ಟಡಕ್ಕೆ ಬಣ್ಣದ ಕೆಲಸ ಎಂದು ಮೊದಲಾಯಿತೆಂದು ಕೇಳಿದೆ. ಅಕ್ಕ ಬೆರಳು ಮಡಿಸುತ್ತ ಎಣಿಸಿ, ಕೌದಿ ಮೊದಲ ಸಲ ಒದ್ದೆಯಾದುದಕ್ಕೆ ಎರಡು ದಿನ ಮುಂಚೆ ಎಂದಳು. ಎಂದವಳು ಸುಮ್ಮನೆ ಕುಳಿತುಬಿಟ್ಟಳು. ಆರು ವರ್ಷ ಹಕ್ಕಿಗಳ ಹೊರತು ಏನೂ ಸುಳಿಯದಿದ್ದ ಮೂರನೆಯ ಅಂತಸ್ತಿನ ಕಿಟಕಿಯಲ್ಲಿ ಮನುಷ್ಯರ ಮುಖಗಳು ಕಾಣಿಸಿಕೊಂಡರೆ, ಉರಿಯುವ ಮೂತ್ರಕೋಶವನ್ನು ಹೊತ್ತ ಬೆಕ್ಕು ಎಲ್ಲಿಗೆ ಹೋಗಬೇಕು? ಮೃದುವಾದ, ಮೂತ್ರವನ್ನು ಹೀರಿಕೊಳ್ಳುವ, ಮನೆಯೊಡತಿಯ ಮೈವಾಸನೆಯಿರುವ ಒಂದು ಸ್ಥಳಕ್ಕೆ ಅದು ಹೋಯಿತು.

ಮಾಡಿದ ಕೆಲಸಗಳು ಸಣ್ಣವು. ಮುಚ್ಚಳವನ್ನು ತೆಗೆದೆಸೆದೆವು. ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟು ಉದ್ದವಾದ ತಟ್ಟೆ ಬೇಕೆಂಬುದು ವೈದ್ಯರ ಸೂತ್ರ. ಅಂಗಡಿಯಲ್ಲಿ ಅಂಥದು ದೊರೆಯದೆ, ಬಟ್ಟೆಯಿಡುವ ಪ್ಲಾಸ್ಟಿಕ್ ಪೆಟ್ಟಿಗೆಯೊಂದರ ಅಂಚನ್ನು ಒಂದು ಕಡೆ ಕೊಯ್ದು ಬಾಗಿಲು ಮಾಡಿದೆವು. ಒಂದು ಬೆಕ್ಕಿಗೆ ಎರಡು ತಟ್ಟೆ, ಎರಡಕ್ಕೆ ಮೂರು, ಹೀಗೆ ಒಂದು ಹೆಚ್ಚಾಗಿಯೇ ಇರಬೇಕು. ಅವೂ ಬೇರೆ ಬೇರೆ ಕಡೆ. ಅಕ್ಕಪಕ್ಕದಲ್ಲಿಟ್ಟರೆ ಬೆಕ್ಕಿನ ಲೆಕ್ಕಕ್ಕೆ ಅವು ಒಂದೇ, ಜೋರಿನ ಬೆಕ್ಕೊಂದು ಎರಡನ್ನೂ ಕಾಯಬಲ್ಲುದು. ಮುದ್ದೆಗಳನ್ನು ದಿನಕ್ಕೆರಡು ಸಲ ತೆಗೆಯುವುದೆಂದಾಯಿತು. ಒಣ ಆಹಾರವನ್ನು ತಗ್ಗಿಸಿ, ನೀರು ಬೆರೆಸಿದ ಮೀನನ್ನೂ ಕೋಳಿಯನ್ನೂ ಹೆಚ್ಚಿಸಿದೆವು. ಮೂತ್ರ ತಿಳಿಯಾದಷ್ಟೂ ಉರಿ ಕಡಮೆ. ಹಗಲಿನಲ್ಲಿ ಪರದೆಯೆಳೆದು, ಬೀರುವಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆಯನ್ನಿಟ್ಟು ಅಡಗಲು ಜಾಗ ಮಾಡಿಕೊಟ್ಟೆವು.

ನೆಲ ತೊಳೆಯುವ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ದುರ್ವಾಸನೆ ಬಂದೊಡನೆ ಫಿನಾಯಿಲು ಸುರಿಯುವುದು ನಮ್ಮ ಮನೆಗಳ ರೂಢಿ. ಫೀನಾಲ್ ಜಾತಿಯ ದ್ರವ್ಯಗಳನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಅತ್ಯಲ್ಪ. ನೆಲದಿಂದ ಅಂಗಾಲಿಗೆ, ಅಂಗಾಲಿನಿಂದ ನಾಲಗೆಗೆ ಹತ್ತಿದ ಫಿನಾಯಿಲು ಅದಕ್ಕೆ ವಿಷ. ಅಮೋನಿಯ ಬೆರೆತ ದ್ರಾವಣಗಳೋ ಮೂತ್ರದ ನೆನಪನ್ನೇ ತರುವಂಥವು. ಪ್ರೋಟೀನನ್ನು ಒಡೆಯುವ ಕಿಣ್ವಗಳಿರುವ ದ್ರಾವಣವನ್ನು ಹಾಕಿ, ತಾಸುಗಟ್ಟಲೆ ನೆನೆಯಗೊಟ್ಟು, ಒಣಗಿಸುವುದೇ ಸರಿಯಾದ ದಾರಿ. ಗದರುವುದೂ ಮೂಗನ್ನು ಹಿಡಿದು ಒದ್ದೆಗೆ ಉಜ್ಜುವುದೂ ಹೆದರಿಕೆಯನ್ನು ಹೆಚ್ಚಿಸುವುದಲ್ಲದೆ ಇನ್ನಾವ ಫಲವನ್ನೂ ಕೊಡಲಾರವು. ಹೆದರಿಕೆ ಹೆಚ್ಚಿದಷ್ಟೂ ಮೂತ್ರಕೋಶದ ಉರಿ ಹೆಚ್ಚುತ್ತದೆ.

ಹತ್ತು ದಿನಗಳಲ್ಲಿ ಕರಿಯ ತಟ್ಟೆಗೆ ಮರಳಿತು. ಮಾರ್ಚಿಯಲ್ಲಿ ಮೇಲಿನ ಮನೆಯವರು ನೆಲದ ಕಲ್ಲುಗಳನ್ನು ಕೀಳಿಸಿದಾಗ ಒಂದು ದಿನ ಮತ್ತೆ ಹಾಸಿಗೆ ಒದ್ದೆಯಾಯಿತಂತೆ. ಆದರೆ ಈ ಸಲ ಅಕ್ಕ ನನಗೆ ತಿಳಿಸಿದುದು, ತಟ್ಟೆಯೊಂದನ್ನು ಮಂಚದ ಬಳಿಗೇ ತಂದಿಟ್ಟು, ಎಲ್ಲವೂ ಸರಿಹೋದ ಮೇಲೆ. ಮೂರು ಸಲ ಒಗೆದು ತಾರಸಿಯ ಬಿಸಿಲಿನಲ್ಲಿ ಒಣಗಿಸಿದ ಕೌದಿ ಈಗ ಮತ್ತೆ ಮಂಚದ ಮೇಲಿದೆ. ಅವಳು ಬೆಳಗ್ಗೆ ಎದ್ದೊಡನೆ ಅದರ ಮೇಲೆ ಒಮ್ಮೆ ಅಂಗೈಯಾಡಿಸಿ ನೋಡುತ್ತಾಳೆ. ಬೆಕ್ಕು ಮಲಗಿದ್ದೆದ್ದ ಜಾಗ ಬೆಚ್ಚಗಿರುತ್ತದೆ.